ಗಟ್ಟಿ ಬಟ್ಟೆ ಅಂದ್ರೆ ಜೀನ್ಸ್ ಒಂದೇನಾ?

ಜೂನ್ ಬಂತು ಅಂದ್ರೆ ನಮ್ಮ ಕಾಲೇಜಿನ ವಾಟ್ಸಾಪ್ ಗುಂಪುಗಳಲ್ಲಿ ಎರಡು ಪ್ರಶ್ನೆ ಓಡಾಡೋಕೆ ಶುರು. ಮೊದಲನೆಯದು, 'ಈ ಸಲ ಯಾವ ಬೆಟ್ಟ?' ಎರಡನೆಯದು, 'ಏನು ಹಾಕ್ಕೊಂಡು ಬರ್ಬೇಕು?' ಮೊದಲನೆಯದಕ್ಕೆ ನೂರು ಉತ್ತರ ಬರುತ್ತೆ, ಜಗಳಾನೂ ಆಗುತ್ತೆ. ಎರಡನೆಯದಕ್ಕೆ ಮಾತ್ರ ಒಂದೇ ಉತ್ತರ: 'ಜೀನ್ಸ್ ಹಾಕ್ಕೊಳ್ರೋ, ಗಟ್ಟಿ ಇರುತ್ತೆ.' ಅಷ್ಟಕ್ಕೇ ಚರ್ಚೆ ಮುಗೀತು.

ಜೀನ್ಸ್ ಗಟ್ಟಿ ಅನ್ನೋದು ಸುಳ್ಳಲ್ಲ. ಅದು ಹುಟ್ಟಿದ್ದೇ ಕೆಲಸಗಾರರ ಬಟ್ಟೆಯಾಗಿ. ಅಮೆರಿಕದ ನೆವಾಡಾದ ರೀನೋ ಊರಿನಲ್ಲಿ ಜೇಕಬ್ ಡೇವಿಸ್ ಅನ್ನೋ ದರ್ಜಿ ಇದ್ದ. ಕೂಲಿಯವರ ಪ್ಯಾಂಟಿನ ಜೇಬು ಪದೇ ಪದೇ ಕಿತ್ತುಬರುತ್ತಿದ್ದಾಗ, ಕೀಳುವ ಜಾಗಕ್ಕೆ ತಾಮ್ರದ ರಿವೆಟ್ ಬಡಿದ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟನ್ನೂ ಪಡೆದ. ಗಣಿ ಕೆಲಸ, ಕಲ್ಲು, ಧೂಳು, ಒಣ ಹವೆ. ಆ ಜಾಗಕ್ಕೆ ಅದು ಹೇಳಿ ಮಾಡಿಸಿದ ಬಟ್ಟೆ.

ಆದ್ರೆ ನಾವು ಹೋಗೋದು ಜುಲೈ ತಿಂಗಳ ಪಶ್ಚಿಮ ಘಟ್ಟಕ್ಕೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತೆ, ಅದರಲ್ಲಿ ಬಹುಪಾಲು ಮಳೆಗಾಲದ ನಾಲ್ಕು ತಿಂಗಳಲ್ಲೇ. ನೆವಾಡಾಗೆ ಸರಿಯಾದದ್ದು ಆಗುಂಬೆಗೂ ಸರಿ ಅಂತ ಯಾರು ಹೇಳಿದ್ದು? ಹಾಗಾಗಿ ಬಟ್ಟೆ ಆರಿಸೋಕೆ ಮೊದಲು 'ಇದು ಗಟ್ಟಿನಾ?' ಅಂತ ಕೇಳೋದಕ್ಕಿಂತ 'ಯಾವುದರ ಎದುರು ಗಟ್ಟಿ?' ಅಂತ ಕೇಳಿ ಅನ್ನೋದು ನಮ್ಮ ವಾದ. ನೀರು, ಉಜ್ಜಾಟ, ಮುಳ್ಳು, ಬಿಸಿಲು, ಬೆಂಕಿ ಈ ಐದೂ ಬೇರೆ ಬೇರೆ ಶತ್ರುಗಳು. ಐದನ್ನೂ ಗೆಲ್ಲೋ ಬಟ್ಟೆ ನಮಗಂತೂ ಇನ್ನೂ ಸಿಕ್ಕಿಲ್ಲ.

ಒದ್ದೆ ಪ್ಯಾಂಟಿನ ಲೆಕ್ಕ

ಮೊದಲು ನೀರು. ಹತ್ತಿಯ ಒಂದು ಗುಣ ತುಂಬಾ ಜನಕ್ಕೆ ಗೊತ್ತಿಲ್ಲ: ಒಣಗಿದ್ದಾಗಿನದಕ್ಕಿಂತ ಒದ್ದೆಯಾದಾಗ ಹತ್ತಿಯ ಎಳೆ ಹೆಚ್ಚು ಗಟ್ಟಿ. ಅಂದ್ರೆ ಮಳೆಗೆ ಜೀನ್ಸ್ ಸೋಲಲ್ಲ. ಸೋಲೋದು ಅದನ್ನು ಹಾಕ್ಕೊಂಡಿರೋ ನಾವು.

ಹಾಸ್ಟೆಲ್‌ನಲ್ಲೇ ಒಂದು ಪ್ರಯೋಗ ಮಾಡಬಹುದು. ಒಣ ಜೀನ್ಸ್ ತೂಗಿ ಬರೆದಿಟ್ಟುಕೊಳ್ಳಿ. ನೆನೆಸಿ, ಕೈಯಲ್ಲಿ ಚೆನ್ನಾಗಿ ಹಿಂಡಿ, ಮತ್ತೆ ತೂಗಿ. ಹಿಂಡಿದ ಮೇಲೂ ಅದರಲ್ಲಿ ಅರ್ಧ ಕೆಜಿ ನೀರು ಉಳಿದಿದೆ ಅಂತ ಇಟ್ಟುಕೊಳ್ಳೋಣ. ಮೈ ಮೇಲಿನ ಬಟ್ಟೆಯಿಂದ ಒಂದು ಕೆಜಿ ನೀರು ಆವಿಯಾಗಿ ಹೋಗೋಕೆ ಸುಮಾರು 2400 ಕಿಲೋಜೌಲ್ ಶಾಖ ಬೇಕು. ಅರ್ಧ ಕೆಜಿಗೆ 1200. ಸುಮ್ಮನೆ ಕೂತಿರೋ ಮನುಷ್ಯನ ದೇಹ ಹುಟ್ಟಿಸೋ ಶಾಖ ಸರಿಸುಮಾರು 100 ವ್ಯಾಟ್. ಭಾಗಿಸಿ ನೋಡಿ: 12,000 ಸೆಕೆಂಡು, ಅಂದ್ರೆ ಮೂರು ಗಂಟೆ ಇಪ್ಪತ್ತು ನಿಮಿಷ. ನಿಮ್ಮ ದೇಹ ಅಷ್ಟು ಹೊತ್ತು ಹುಟ್ಟಿಸಿದ ಶಾಖವನ್ನೆಲ್ಲ ಒಂದು ಪ್ಯಾಂಟ್ ಒಣಗಿಸೋಕೆ ಸುರಿದ ಹಾಗಾಯ್ತು. ನಿಜದಲ್ಲಿ ಗಾಳಿಯೂ ಸ್ವಲ್ಪ ಶಾಖ ಕೊಡುತ್ತೆ, ಲೆಕ್ಕ ಇಷ್ಟು ನೇರ ಇರಲ್ಲ. ಆದ್ರೂ ಎಷ್ಟು ದೊಡ್ಡ ಖರ್ಚು ಅನ್ನೋದು ಅರ್ಥವಾಗುತ್ತೆ.

ಇದರ ಜೊತೆಗೆ ಇನ್ನೊಂದಿದೆ. ಬಟ್ಟೆ ನಮ್ಮನ್ನು ಬೆಚ್ಚಗಿಡೋದು ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ಆ ಜಾಗಕ್ಕೆ ನೀರು ತುಂಬಿಕೊಂಡರೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತೆ.

ಹತ್ತುವಾಗ ಇದೆಲ್ಲ ಗೊತ್ತೇ ಆಗಲ್ಲ, ಯಾಕಂದ್ರೆ ಆಗ ದೇಹ ಮೂರು ನಾಲ್ಕು ಪಟ್ಟು ಶಾಖ ಹುಟ್ಟಿಸ್ತಿರುತ್ತೆ. ಮೇಲೆ ಹೋಗಿ ಫೋಟೋ ತೆಗೆಯೋಕೆ ನಿಂತಾಗ ಶುರುವಾಗುತ್ತೆ ನಡುಕ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಇಳಿಯುತ್ತೆ ಅಂತಿಟ್ಟುಕೊಂಡರೆ, ಕರಾವಳಿಯಲ್ಲಿ 26 ಡಿಗ್ರಿ ಇರುವಾಗ ಆ ತುದಿಯಲ್ಲಿ 14-15ರ ಆಸುಪಾಸು. ಮೇಲಿಂದ ಗಾಳಿ, ಮಳೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಅಂತಾರೆ. ಅದಕ್ಕೆ ಹಿಮಾಲಯಕ್ಕೇ ಹೋಗಬೇಕಂತಿಲ್ಲ. ಒದ್ದೆ ಬಟ್ಟೆ, ಗಾಳಿ, ಸುಸ್ತು ಮೂರೂ ಸೇರಿದರೆ ನಮ್ಮ ಘಟ್ಟದಲ್ಲೂ ಆಗಬಹುದು. ಜೊತೆಗಿರೋರು ನಿಲ್ಲದೆ ನಡುಗ್ತಿದ್ರೆ, ಜಿಪ್ ಎಳೆಯೋಕೂ ಬೆರಳು ಬಗ್ಗದಿದ್ರೆ, ಮಾತು ತೊದಲಿದ್ರೆ ತಮಾಷೆ ಮಾಡ್ತಾ ಕೂರಬೇಡಿ. ಗಾಳಿ ಬೀಸದ ಕಡೆ ಕರ್ಕೊಂಡು ಹೋಗಿ ಒದ್ದೆ ಬಟ್ಟೆ ತೆಗೆಸಿ, ಒಣ ಬಟ್ಟೆ ಹಾಕಿಸಿ. ಎಚ್ಚರ ಇದ್ದರೆ ಬಿಸಿಯಾಗಿ ಸಿಹಿಯಾದದ್ದು ಏನಾದ್ರೂ ಕುಡಿಸಿ, ಬೇಗ ಕೆಳಗಿಳಿಸಿ.

ಎಳೆ ಯಾವುದು?

ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ಕಾಲರಿನ ಒಳಗೋ ಪಕ್ಕದ ಹೊಲಿಗೆಯಲ್ಲೋ ಇರೋ ಸಣ್ಣ ಚೀಟಿ. ಬ್ರ್ಯಾಂಡ್ ಹೆಸರು ದೊಡ್ಡದಾಗಿರುತ್ತೆ, ಈ ಚೀಟಿ ಚಿಕ್ಕದಾಗಿರುತ್ತೆ. ನಮಗೆ ಬೇಕಾದ ಮಾಹಿತಿ ಇರೋದು ಚಿಕ್ಕದರಲ್ಲೇ.

ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಬರೀ ಗಾಳಿಯಿಂದಲೇ ಸುಮಾರು 8 ಗ್ರಾಂ ತೇವ ಹೀರಿಕೊಳ್ಳುತ್ತೆ. ನೈಲಾನ್ ಸುಮಾರು 4 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಅದಕ್ಕೇ ಪಾಲಿಯೆಸ್ಟರ್ ಟೀ ಶರ್ಟ್ ಫ್ಯಾನ್ ಕೆಳಗೆ ಹರಡಿದ್ರೆ ರಾತ್ರಿ ಕಳೆಯೋದರೊಳಗೆ ಒಣಗುತ್ತೆ, ಜೀನ್ಸ್ ಮಾರನೇ ದಿನವೂ ಸೊಂಟದ ಹತ್ತಿರ ಹಸಿಹಸಿ. ಉಜ್ಜಾಟ ತಡೆಯೋದ್ರಲ್ಲಿ ನೈಲಾನ್ ಎತ್ತಿದ ಕೈ. ಆದ್ರೆ ದಿನಗಟ್ಟಲೆ ಬಿಸಿಲಿಗೆ ಬಿದ್ದರೆ ಅದರ ಶಕ್ತಿ ಕುಗ್ಗುತ್ತೆ, ಈ ವಿಷಯದಲ್ಲಿ ಪಾಲಿಯೆಸ್ಟರ್ ವಾಸಿ. ಪಾಲಿಯೆಸ್ಟರ್‌ದು ಬೇರೆ ತಕರಾರು: ಮೈ ಎಣ್ಣೆ ಹಿಡ್ಕೊಳ್ಳುತ್ತೆ, ಎರಡೇ ದಿನಕ್ಕೆ ವಾಸನೆ.

ಉಣ್ಣೆಯ ಲೆಕ್ಕವೇ ಬೇರೆ. ಅದು 16 ಗ್ರಾಂನಷ್ಟು ತೇವ ಹೀರಿಯೂ ಮುಟ್ಟಿದ್ರೆ ಒಣಗಿದ ಹಾಗೇ ಇರುತ್ತೆ. ಅದರ ಎಳೆ ಗುಂಗುರು ಗುಂಗುರಾಗಿರೋದ್ರಿಂದ ಒದ್ದೆಯಾದರೂ ಚಪ್ಪಟೆಯಾಗಿ ಮೈಗೆ ಅಂಟಲ್ಲ, ನಡುವೆ ಗಾಳಿ ಉಳಿಯುತ್ತೆ. ನಮ್ಮ ಮಲೆನಾಡಿನವರು ಗದ್ದೆಗೆ ಹೋಗುವಾಗ ಕಂಬಳಿ ಕೊಪ್ಪೆ ಹಾಕ್ಕೊಂಡು ಹೋಗ್ತಿದ್ದದ್ದು ಇದಕ್ಕೇ. ಕಂಬಳಿಯನ್ನು ಮಡಚಿ ತಲೆಯಿಂದ ಬೆನ್ನ ಮೇಲೆ ಇಳಿಬಿಟ್ಟರೆ, ಮಳೆ ಹನಿ ಹೊರಮೈಯಲ್ಲಿ ಜಾರುತ್ತೆ, ಒಳಗೆ ಬೆಚ್ಚಗಿರುತ್ತೆ. ನೆನೆದ ಕಂಬಳಿ ಭಾರ, ನಿಜ. ಆದ್ರೆ ದಿನವಿಡೀ ಮಳೆಯಲ್ಲಿ ನಿಂತು ಕೆಲಸ ಮಾಡೋರು ಆರಿಸಿಕೊಂಡದ್ದು ಹತ್ತಿಯನ್ನಲ್ಲ, ಉಣ್ಣೆಯನ್ನು ಅನ್ನೋದನ್ನ ಗಮನಿಸಿ.

ಹಾಸು, ಹೊಕ್ಕು, ತೂಕ

ಎಳೆ ಆದ್ಮೇಲೆ ನೇಯ್ಗೆ. ಒಂದರ ಮೇಲೆ ಒಂದರ ಕೆಳಗೆ ಹಾದುಹೋಗೋದು ಸಾದಾ ನೇಯ್ಗೆ. ಎರಡು ಮೂರು ಎಳೆ ದಾಟಿ ಒಂದರ ಕೆಳಗೆ ನುಸುಳಿದರೆ ಬಟ್ಟೆಯ ಮೇಲೆ ಓರೆ ಗೆರೆ ಕಾಣುತ್ತೆ, ಅದೇ ಟ್ವಿಲ್. ಜೀನ್ಸ್ ಬಟ್ಟೆ, ಖಾಕಿ ಡ್ರಿಲ್ ಎಲ್ಲ ಈ ಜಾತಿ. ಟ್ವಿಲ್‌ನಲ್ಲಿ ಎಳೆಗಳನ್ನು ಹೆಚ್ಚು ಒತ್ತಾಗಿ ಕೂರಿಸಬಹುದು, ಹರಿಯೋಕೆ ಎಳೆದಾಗ ಎಳೆಗಳು ಸ್ವಲ್ಪ ಸರಿದು ಗುಂಪಾಗಿ ಭಾರ ಹೊರುತ್ತವೆ.

ಇನ್ನೊಂದು ರಿಪ್‌ಸ್ಟಾಪ್. ತೆಳು ಬಟ್ಟೆಯಲ್ಲಿ ಕೆಲವು ಮಿಲಿಮೀಟರ್‌ಗೊಂದರಂತೆ ದಪ್ಪ ಎಳೆ ಉದ್ದಕ್ಕೂ ಅಡ್ಡಕ್ಕೂ ಸೇರಿಸಿರ್ತಾರೆ. ಬೆಳಕಿಗೆ ಹಿಡಿದರೆ ಗ್ರಾಫ್ ಹಾಳೆ ಥರ ಚೌಕ ಕಾಣುತ್ತೆ. ಮುಳ್ಳು ಚುಚ್ಚಿದರೆ ತೂತು ಆಗೇ ಆಗುತ್ತೆ, ಆದ್ರೆ ಹರಕು ಮುಂದಿನ ದಪ್ಪ ಎಳೆಗೆ ಬಂದು ನಿಲ್ಲುತ್ತೆ. ಬಿರುಕು ಎಲ್ಲಿ ನಿಲ್ಲಬೇಕು ಅಂತ ಮೊದಲೇ ಗೆರೆ ಹಾಕಿಟ್ಟ ಹಾಗೆ. ಮೆಕ್ಯಾನಿಕಲ್, ಸಿವಿಲ್‌ನವರಿಗೆ ಇದು ಹೊಸ ವಿಚಾರ ಏನಲ್ಲ.

ತೂಕವನ್ನು ಜಿಎಸ್‌ಎಂ ಅಂತಾರೆ, ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಅಂತ. ಟೀ ಶರ್ಟ್‌ಗಳು ಸಾಮಾನ್ಯವಾಗಿ 150ರಿಂದ 200ರ ಒಳಗೆ. ಜೀನ್ಸ್‌ನವರು ಔನ್ಸ್ ಲೆಕ್ಕ ಹೇಳ್ತಾರೆ. 12 ಔನ್ಸ್ ಅಂದ್ರೆ 400 ಜಿಎಸ್‌ಎಂ ಮೇಲೆ. ಬ್ಯಾಗು, ರೇನ್‌ಕೋಟಿನ ಮೇಲೆ 70 ಡೀ, 210 ಡೀ ಅಂತ ಬರೆದಿರೋದು ಡೆನಿಯರ್, 9000 ಮೀಟರ್ ಉದ್ದದ ನೂಲಿನ ತೂಕ ಗ್ರಾಂಗಳಲ್ಲಿ. ಸಂಖ್ಯೆ ದೊಡ್ಡದಾದಷ್ಟೂ ನೂಲು ದಪ್ಪ. ಆದ್ರೆ ದಪ್ಪ ಇದ್ದದ್ದೆಲ್ಲ ಒಳ್ಳೆಯದು ಅಂತ ಭಾವಿಸಬೇಡಿ. ದಪ್ಪಕ್ಕೆ ತಕ್ಕ ಹಾಗೆ ನೀರೂ ಹಿಡಿಯುತ್ತೆ, ಹೊರೋರು ನೀವೇ.

ಹೊಲಿಗೆ ತಿರುಗಿಸಿ ನೋಡಿ

ಬಟ್ಟೆ ಸೋಲೋದಕ್ಕೆ ಮೊದಲು ಸೋಲೋದು ಹೊಲಿಗೆ. ಬಂಡೆ ಮೇಲೆ ಕಾಲು ಎತ್ತಿ ಇಟ್ಟಾಗ 'ಚರ್' ಅಂತ ಸದ್ದು ಬರೋದು ಎಲ್ಲಿಂದ ಅಂತ ಎಲ್ಲರಿಗೂ ಗೊತ್ತು. ಕೊಳ್ಳುವಾಗ ಪ್ಯಾಂಟನ್ನು ಒಳಮಗ್ಗುಲು ಮಾಡಿ ಇಷ್ಟು ನೋಡಿ:

- ತೊಡೆ ಸಂದಿನಲ್ಲಿ ನಾಲ್ಕೂ ಹೊಲಿಗೆ ಒಂದೇ ಬಿಂದುವಿಗೆ ಬಂದು ಸೇರಿದ್ಯಾ, ಇಲ್ಲ ನಡುವೆ ಒಂದು ತುಂಡು ಬಟ್ಟೆ ಕೊಟ್ಟಿದ್ದಾರಾ? ಆ ತುಂಡಿದ್ದರೆ ಎಳೆತ ಒಂದೇ ಕಡೆ ಬೀಳದೆ ಹಂಚಿಹೋಗುತ್ತೆ.
- ಅಂಚುಗಳನ್ನು ಮಡಚಿ ಜೋಡಿ ಸಾಲು ಹೊಲಿಗೆ ಹಾಕಿದ್ಯಾ, ಇಲ್ಲ ಬರೀ ಓವರ್‌ಲಾಕ್ ಮಾಡಿ ಬಿಟ್ಟಿದ್ದಾರಾ?
- ಜೇಬಿನ ಮೂಲೆ, ಬೆಲ್ಟ್ ಪಟ್ಟಿ, ಜಿಪ್‌ನ ಕೊನೆಯಲ್ಲಿ ಒತ್ತೊತ್ತಾಗಿ ಅಡ್ಡ ಹೊಲಿಗೆ ಇದ್ಯಾ? ಡೇವಿಸ್ ರಿವೆಟ್ ಬಡಿದದ್ದು ಇಂಥ ಜಾಗಗಳಿಗೇ.
- ಹಾಕ್ಕೊಂಡು ಕುಕ್ಕರಗಾಲಲ್ಲಿ ಕೂತು ನೋಡಿ. ಮಂಡಿಗೆ ಬಿಗಿಯಾದರೆ ಬೆಟ್ಟಕ್ಕೆ ಬೇಡ.

ಇದರಲ್ಲಿ ಕೆಲವು ಇಲ್ಲದಿದ್ರೂ ಚಿಂತೆಯಿಲ್ಲ. ನಿಮ್ಮ ಬೀದಿಯ ಟೈಲರ್ ಅಣ್ಣನ ಹತ್ತಿರ ಹೋಗಿ 'ಸಂದಿನಲ್ಲಿ ಇನ್ನೊಂದು ಸಾಲು ಪಾಲಿಯೆಸ್ಟರ್ ದಾರದಲ್ಲಿ ಹಾಕಿಕೊಡಿ' ಅಂದ್ರೆ ಸಾಕು. ಹೊಸ ಪ್ಯಾಂಟ್ ಕೊಳ್ಳೋದರ ಮುಂದೆ ಅದರ ಕೂಲಿ ಏನೇನೂ ಅಲ್ಲ.

ರೇನ್‌ಕೋಟ್: ಒಳಗಿನ ಮಳೆ, ಹೊರಗಿನ ಮಳೆ

ರೇನ್‌ಕೋಟಿನ ಮೇಲೆ 5000 ಮಿ.ಮೀ., 10,000 ಮಿ.ಮೀ. ಅಂತ ಬರೆದಿರುತ್ತೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ನೀರು ಒಳಗೆ ಜಿನುಗಲ್ಲ ಅಂತ ಅರ್ಥ. ಆಕಾಶದಿಂದ ಬೀಳೋ ಹನಿ ಅಷ್ಟು ಒತ್ತಲ್ಲ. ಒತ್ತೋದು ಬ್ಯಾಗಿನ ಪಟ್ಟಿ, ಒದ್ದೆ ಬಂಡೆ ಮೇಲೆ ಕೂತಾಗಿನ ನಮ್ಮದೇ ಭಾರ. ಸಂಖ್ಯೆ ಎಷ್ಟೇ ದೊಡ್ಡದಿರಲಿ, ಸೂಜಿ ತೂತಿನಿಂದ ನೀರು ಬರುತ್ತೆ. ಅದಕ್ಕೇ ಒಳಗಡೆ ಹೊಲಿಗೆಯ ಮೇಲೆ ಟೇಪ್ ಅಂಟಿಸಿದ್ದಾರಾ ನೋಡಬೇಕು.

ಇನ್ನು 'ಉಸಿರಾಡುವ' ಜಾಕೆಟ್‌ಗಳು. 1969ರಲ್ಲಿ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಜೋರಾಗಿ ಎಳೆದು ಹಿಗ್ಗಿಸಿದಾಗ ಅತಿ ಸೂಕ್ಷ್ಮ ರಂಧ್ರಗಳಿರೋ ಹಾಳೆ ಸಿಕ್ಕಿತು. ನೀರಿನ ಹನಿ ಅದರಲ್ಲಿ ನುಗ್ಗಲಾರದು, ಆವಿ ದಾಟುತ್ತೆ. ಗೋರ್-ಟೆಕ್ಸ್ ಬಂದದ್ದು ಹಾಗೆ. ಅದ್ಭುತವೇ, ಒಪ್ಪೋಣ. ಆದ್ರೆ ಆವಿ ಹೊರಗೆ ಹೋಗಬೇಕಾದ್ರೆ ಒಳಗಿಗಿಂತ ಹೊರಗೆ ಆವಿಯ ಒತ್ತಡ ಕಡಿಮೆ ಇರಬೇಕು. ಚಳಿ ದೇಶದ ಒಣ ಗಾಳಿಯಲ್ಲಿ ಆ ವ್ಯತ್ಯಾಸ ಚೆನ್ನಾಗಿರುತ್ತೆ. ಜುಲೈ ತಿಂಗಳ ಘಟ್ಟದಲ್ಲಿ ಹೊರಗಿನ ಗಾಳಿಯೇ ಬೆಚ್ಚಗೆ, ತೇವ ತುಂಬಿಕೊಂಡು ನಿಂತಿರುತ್ತೆ. ಹತ್ತುವಾಗ ಸುರಿಯೋ ಬೆವರೆಲ್ಲ ಹೋಗೋದಾದ್ರೂ ಎಲ್ಲಿಗೆ? ಸಾವಿರಾರು ರೂಪಾಯಿ ಕೊಟ್ಟವರೂ ಒಳಗಿಂದ ಒದ್ದೆಯಾಗ್ತಾರೆ.

ಈ ಊರಿಗೆ ಬೇಕಾದ್ದು ಗಾಳಿಯಾಡೋ ವಿನ್ಯಾಸ. ಗದ್ದೆ ನಾಟಿಯಲ್ಲಿ ಹಾಕ್ಕೊಳ್ಳೋ ಗೊರಬು ನೆನಪಿಸಿಕೊಳ್ಳಿ. ಬಿದಿರಿನ ಹಂದರಕ್ಕೆ ಒಣ ಎಲೆ ಹೊದಿಸಿ ಮಾಡಿದ ಅದು ಬಗ್ಗಿದ ಬೆನ್ನನ್ನು ಪೂರ್ತಿ ಮುಚ್ಚುತ್ತೆ, ಮೈಗೆ ಅಂಟಲ್ಲ, ಕೆಳಗಡೆಯಿಂದ ಗಾಳಿ ಆಡುತ್ತೆ. ಈಗಿನ ಕಾಲಕ್ಕೆ ಅದರ ಹತ್ತಿರದ ನೆಂಟ ಅಂದ್ರೆ ಪೊಂಚೊ. ಬ್ಯಾಗ್ ಸಮೇತ ಮುಚ್ಚುತ್ತೆ, ಪಕ್ಕದಲ್ಲಿ ತೆರೆದಿರುತ್ತೆ, ಬೆಲೆ ಕಡಿಮೆ. ತೆರೆದ ಬೋಳುಗುಡ್ಡದ ಮೇಲೆ ಗಾಳಿಗೆ ಹಾರಾಡುತ್ತೆ, ಅಲ್ಲಿ ಸೊಂಟಕ್ಕೊಂದು ಹಗ್ಗ ಕಟ್ಟಿಕೊಳ್ಳಿ. ಜಾಕೆಟ್ಟೇ ಬೇಕು ಅನ್ನೋರು ಕಂಕುಳಲ್ಲಿ ಜಿಪ್ ಇರೋದನ್ನ ನೋಡಿ ತಗೊಳ್ಳಿ.

ಮಳೆಗಾಲದ ಕಾಡಿನಲ್ಲಿ ಇನ್ನೊಬ್ಬ ಗೆಳೆಯ ಇರ್ತಾನೆ, ಉಂಬಳ. ಸಡಿಲವಾಗಿ ಹೆಣೆದ ಸಾಕ್ಸ್ ಅವನಿಗೆ ಬಾಗಿಲು ತೆರೆದಿಟ್ಟ ಮನೆ. ಒತ್ತಾಗಿ ನೇಯ್ದ ಬಟ್ಟೆಯ, ಮಂಡಿವರೆಗೆ ಬರೋ ಉಂಬಳದ ಸಾಕ್ಸ್ ಒಳಗೆ ಪ್ಯಾಂಟಿನ ತುದಿ ಸೇರಿಸಿ ಕಟ್ಟಿದರೆ ಅರ್ಧ ಯುದ್ಧ ಗೆದ್ದ ಹಾಗೆ.

ಬಯಲುಸೀಮೆಗೆ ಬಂದರೆ ಲೆಕ್ಕ ಉಲ್ಟಾ

ಇಷ್ಟೆಲ್ಲ ಬೈದ ಹತ್ತಿಗೆ ಈಗ ಕ್ಷಮೆ ಕೇಳೋ ಸಮಯ. ಸಿವಿಲ್‌ನವರ ಸರ್ವೆ ಕ್ಯಾಂಪ್ ತಗೊಳ್ಳಿ. ಬಿಸಿಲು, ಧೂಳು, ಜಾಲಿ ಮುಳ್ಳು, ಲಂಟಾನ ಪೊದೆ, ದಿನವಿಡೀ ಟೋಟಲ್ ಸ್ಟೇಷನ್ ಪಕ್ಕ ನಿಲ್ಲೋದು. ಇಲ್ಲಿ ಆವಿಯಾಗೋ ಪ್ರತಿ ಕೆಜಿ ಬೆವರು ಹೊತ್ತೊಯ್ಯೋ ಆ 2400 ಕಿಲೋಜೌಲೇ ನಮ್ಮನ್ನು ಕಾಪಾಡೋದು. ಘಟ್ಟದಲ್ಲಿ ಶತ್ರುವಾಗಿದ್ದ ಸೂತ್ರ ಇಲ್ಲಿ ಮಿತ್ರ. ಬೆವರು ಹೀರಿ ಮೈ ಮೇಲೆ ಹರಡಿ ನಿಧಾನಕ್ಕೆ ಒಣಗೋ ಹತ್ತಿ ಇಲ್ಲಿಗೆ ಸರಿ. ಒತ್ತು ನೇಯ್ಗೆಯ, ಸಡಿಲ ಅಳತೆಯ, ತುಂಬು ತೋಳಿನ ಅಂಗಿ ಮುಳ್ಳಿಗೂ ಆಯ್ತು, ಬಿಸಿಲಿಗೂ ಆಯ್ತು. ಬೆಳಕಿಗೆ ಹಿಡಿದಾಗ ಆಚೆ ಕಡೆ ಸಲೀಸಾಗಿ ಕಂಡರೆ ಬಿಸಿಲೂ ಅಷ್ಟೇ ಸಲೀಸಾಗಿ ಒಳಗೆ ಬರುತ್ತೆ ಅಂತ ತಿಳೀರಿ.

ಪ್ಯಾಂಟಿಗೆ ಖಾಕಿ ಡ್ರಿಲ್ ಮೀರಿಸಿದ್ದು ಕಡಿಮೆ. ಖಾಕ್ ಅಂದ್ರೆ ಧೂಳು, ಅದಕ್ಕೇ ಧೂಳು ಕಾಣಿಸಲ್ಲ. ಈ ಬಣ್ಣಕ್ಕೂ ನಮ್ಮ ನಾಡಿಗೂ ನಂಟಿದೆ. ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ 1850ರ ದಶಕದ ಆರಂಭದಲ್ಲಿ ಖಾಕಿ ಬಣ್ಣ ತಯಾರಿಸಿದರು ಅಂತ ಆ ಊರಿನ ಚರಿತ್ರೆಯಲ್ಲಿ ಹೇಳ್ತಾರೆ. ಮೊದಲ ವರ್ಷದ ವರ್ಕ್‌ಶಾಪಿಗೆ ಹೊಲಿಸಿದ ಖಾಕಿ ಪ್ಯಾಂಟ್ ಟ್ರಂಕಿನ ತಳದಲ್ಲಿ ಇದ್ದರೆ ಹೊರಗೆ ತೆಗೀರಿ, ಕ್ಯಾಂಪಿಗೆ ಅದೇ ಸಾಕು.

ವರ್ಕ್‌ಶಾಪ್ ಅಂದ ಮೇಲೆ ಬೆಂಕಿ ಮಾತು. ಹತ್ತಿಗೆ ಕಿಡಿ ತಾಗಿದರೆ ಸುಟ್ಟು ಕರಿಯಾಗುತ್ತೆ, ಆದ್ರೆ ಕರಗಲ್ಲ. ಪಾಲಿಯೆಸ್ಟರ್ ಸುಮಾರು 255 ಡಿಗ್ರಿಯಲ್ಲಿ ಕರಗುತ್ತೆ, ಕರಗಿದ್ದು ಚರ್ಮಕ್ಕೆ ಅಂಟುತ್ತೆ. ವೆಲ್ಡಿಂಗ್ ಹತ್ತಿರ, ಕ್ಯಾಂಪಿನ ಒಲೆ ಹತ್ತಿರ, ಕ್ಯಾಂಪ್‌ಫೈರ್ ಸುತ್ತ ಆ ಹೊಳೆಯೋ ಸ್ಪೋರ್ಟ್ಸ್ ಜೆರ್ಸಿ ಬೇಡ. ಮಳೆಗೆ ಅದು ಎಷ್ಟು ಒಳ್ಳೆಯದೋ ಬೆಂಕಿಗೆ ಅಷ್ಟೇ ಕೆಟ್ಟದ್ದು.

ಬಾಳಿಕೆ ಇರೋದು ಬಕೆಟ್ಟಿನಲ್ಲಿ

ಬಟ್ಟೆ ಎಷ್ಟು ವರ್ಷ ಬರುತ್ತೆ ಅನ್ನೋದರ ಅರ್ಧ ತೀರ್ಮಾನ ಆಗೋದು ಹಾಸ್ಟೆಲ್‌ನ ಬಕೆಟ್ಟಿನಲ್ಲಿ. ಬೆವರಿನ ಉಪ್ಪು, ಮಣ್ಣಿನ ಕಣ ಎಳೆಗಳ ನಡುವೆ ಕೂತು ಉಪ್ಪುಕಾಗದದ ಥರ ಉಜ್ಜುತ್ತೆ. ಹಾಗಾಗಿ ಬಂದ ದಿನವೇ ತೊಳೀರಿ, ಜಿಪ್ ಹಾಕಿ, ಒಳಮಗ್ಗುಲು ಮಾಡಿ. ಬ್ಲೀಚ್ ಬೇಡ, ಹತ್ತಿ, ನೈಲಾನ್ ಎರಡಕ್ಕೂ ಕೇಡು. ಬೇಗ ಒಣಗೋ ಬಟ್ಟೆಗಳಿಗೆ ಮೆದು ಮಾಡೋ ಕಂಡಿಷನರ್ ಹಾಕಬೇಡಿ. ಅದು ಎಳೆಯ ಮೇಲೆ ಪದರ ಕಟ್ಟಿ ಬೆವರು ಸಾಗಿಸೋ ಗುಣ ಹಾಳು ಮಾಡುತ್ತೆ. ನೈಲಾನ್ ನೆರಳಲ್ಲಿ ಒಣಗಲಿ. ರೇನ್‌ಕೋಟ್ ಒದ್ದೆಯಿರುವಾಗ ಮಡಚಿ ಬ್ಯಾಗಿಗೆ ತುರುಕಿ ಮರೆತರೆ ಮುಂದಿನ ಮಳೆಗಾಲಕ್ಕೆ ಒಳಗಿನ ಪದರ ಸಿಪ್ಪೆ ಸಿಪ್ಪೆಯಾಗಿ ಏಳುತ್ತೆ.

ಸಣ್ಣ ತೂತು ಕಂಡ ದಿನವೇ ಹೊಲೀರಿ. ಮಂಡಿ, ಸಂದು ತೆಳುವಾಗ್ತಿದೆ ಅನ್ನಿಸಿದರೆ ಹರಿಯೋದಕ್ಕೆ ಮೊದಲೇ ಒಳಗಡೆ ತೇಪೆ ಕೊಡಿಸಿ. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆಯಿಂದಲೇ ಮೊದಲು ಕಿತ್ತು ಬರೋದು.

ದುಡ್ಡು ಕಡಿಮೆ ಇದ್ದರೆ ಯಾವುದು ಮೊದಲು?

ನಮ್ಮ ಪಟ್ಟಿ ಹೀಗಿದೆ. ಮೊದಲು, ಒಂದು ಜೊತೆ ಒಣ ಬಟ್ಟೆ ಮತ್ತು ಸಾಕ್ಸ್, ಎರಡು ಪ್ಲಾಸ್ಟಿಕ್ ಕವರ್‌ನಲ್ಲಿ ಗಟ್ಟಿಯಾಗಿ ಕಟ್ಟಿ ಬ್ಯಾಗಿನ ತಳದಲ್ಲಿ. ಇದಕ್ಕೆ ಖರ್ಚೇ ಇಲ್ಲ, ಜೀವ ಉಳಿಸೋದು ಇದೇ. ಎರಡನೆಯದು ಪೊಂಚೊ. ಮೂರನೆಯದು ಬೇಗ ಒಣಗೋ ಪ್ಯಾಂಟ್, ಇಲ್ಲದಿದ್ರೆ ಮನೆಯಲ್ಲಿರೋ ಟ್ರ್ಯಾಕ್ ಪ್ಯಾಂಟೇ ಆಗುತ್ತೆ, ಜೀನ್ಸ್‌ಗಿಂತ ಅದೇ ಮೇಲು. ನಾಲ್ಕನೆಯದು ತೆಳುವಾದ ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್. ಅಮ್ಮ ಹೆಣೆದುಕೊಟ್ಟ ಸ್ವೆಟರ್ ಇದ್ದರೆ ಅಂಗಡಿಗೆ ಹೋಗೋದೇ ಬೇಡ, ಅದು ನಿಜವಾಗಲೂ ಉಣ್ಣೆನಾ ಅಂತ ಒಂದು ಮಾತು ಕೇಳಿ. ಜಾಕೆಟ್ಟು, ಬ್ರ್ಯಾಂಡು ಎಲ್ಲ ಆಮೇಲೆ, ಕ್ಯಾಂಪಸ್ ಇಂಟರ್‌ವ್ಯೂ ಪಾಸಾದ ಮೇಲೆ ನೋಡ್ಕೊಳ್ಳೋಣ.

ಅರಣ್ಯ ಇಲಾಖೆ ಯಾವ ದಾರಿಗೆ ಅನುಮತಿ ಕೊಟ್ಟಿದೆ ಅಂತ ವಿಚಾರಿಸಿಕೊಂಡೇ ಹೊರಡಿ. ಹೊರಡೋ ಹಿಂದಿನ ರಾತ್ರಿ ಗುಂಪಿನಲ್ಲಿ ಯಾರಾದ್ರೂ 'ಜೀನ್ಸ್ ಹಾಕ್ಕೊಳ್ರೋ' ಅಂದ್ರೆ, ಜಗಳ ಬೇಡ, ಒಂದು ಬಕೆಟ್ ನೀರು ಮತ್ತು ಮೆಸ್ಸಿನ ತಕ್ಕಡಿ ಸಾಕು. ಒಣ ತೂಕ, ಹಿಂಡಿದ ಮೇಲಿನ ತೂಕ ಎರಡನ್ನೂ ಬರೆದು ನಮಗೆ ಕಳಿಸಿ. ಟ್ರ್ಯಾಕ್ ಪ್ಯಾಂಟಿನದೂ ಜೊತೆಗೆ ಇರಲಿ. ಮುಂದಿನ ಸಂಚಿಕೆಯಲ್ಲಿ ಎಲ್ಲರ ಅಂಕಿ ಸೇರಿಸಿ ಒಂದು ಗ್ರಾಫ್ ಹಾಕೋಣ.